ಇಳಿಯದೇ ಉಳಿದದ್ದು

ನಾಯಿ ಜಟ್ಟಿಯ ಕೂದಲು ತೆಳುವಾಗುತ್ತಿರುವುದು ಕ್ಷೌರಿಕನಿಗೆ ಕೈಯಿಂದಲೇ ತಿಳಿಯಿತು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಂಗಡಿಯ ಮೂರನೆಯ ಕುರ್ಚಿಯಲ್ಲಿ ಕೂತು, ಕಾಲ ಬಳಿ ಮಲಗಿದ ನಾಯಿಯ ಪಕ್ಕೆ ಸವರುತ್ತ ಪೇಪರ್ ಓದುವುದು ಅವನ ರೂಢಿ. ಇಪ್ಪತ್ತೆಂಟು ವರ್ಷ ಬೇರೆಯವರ ತಲೆಯ ಮೇಲೆ ಆಡಿದ ಬೆರಳುಗಳು ಅವು. ಒಂದು ದಿನ ಓದುತ್ತಿದ್ದ ಸಾಲನ್ನು ಅಲ್ಲೇ ಬಿಟ್ಟು ಬಗ್ಗಿ ನೋಡಿದ. ಎಡಪಕ್ಕೆಯಲ್ಲಿ ಅಂಗೈಯಗಲ ಜಾಗ ಬೋಳಾಗುತ್ತ ಬಂದಿತ್ತು. ನಾಯಿಯನ್ನು ಎಬ್ಬಿಸಿ ಬಲಗಡೆ ನೋಡಿದರೆ ಅಲ್ಲೂ ಅಷ್ಟೇ ಅಗಲ, ಅದೇ ಎತ್ತರ. ಕೆರೆತವಿಲ್ಲ, ಹುಣ್ಣಿಲ್ಲ, ಉಣ್ಣೆ ಹುಳ, ಚಿಗಟಗಳ ಸುಳಿವಿಲ್ಲ. ತಾನೇ ಅಳತೆ ಹಿಡಿದು ಎರಡೂ ಕಡೆ ಮಷೀನ್ ಆಡಿಸಿದ್ದರೂ ಇಷ್ಟು ಸಮನಾಗಿ ಬರುತ್ತಿರಲಿಲ್ಲ ಎನ್ನಿಸಿತು ಅವನಿಗೆ.

ಕೂದಲಿನ ವಿಷಯದಲ್ಲಿ ಇನ್ನೊಬ್ಬರನ್ನು ಕೇಳುವುದು ಅವನ ಜಾಯಮಾನವಲ್ಲ. ಬೋಳಾಗುತ್ತಿರುವ ತಲೆಗಳಿಗೆ ಹಚ್ಚುವ ಎಣ್ಣೆಯನ್ನೇ ಬೆಚ್ಚಗೆ ಮಾಡಿ ಹಚ್ಚಿದ. ಶಾಂಪೂ ಬದಲಾಯಿಸಿದ. ವಾರಕ್ಕೆರಡು ಸಲ ಮೆತ್ತನೆಯ ಬ್ರಷ್‌ನಿಂದ ಬಾಚಿದ. ಎರಡು ತಿಂಗಳು ಹೀಗೇ ನಡೆಯಿತು. ಬೋಳು ಜಾಗ ತೊಡೆಯ ಹಿಂಭಾಗಕ್ಕೂ ಹರಡಿತು, ಅದೂ ಎರಡೂ ಕಡೆ ಸಮನಾಗಿ.

ಜಟ್ಟಿ ಒಂಬತ್ತು ವರ್ಷದ ಕಂದು ನಾಯಿ. ಯಾವ ತಳಿಯೆಂದು ಹೇಳಲು ಬರುತ್ತಿರಲಿಲ್ಲ. ಅಗಲವಾದ ಎದೆ, ದಪ್ಪ ಕತ್ತು, ನಡೆಯುವಾಗ ಭುಜ ಕುಲುಕಿಸುವ ರೀತಿ ನೋಡಿ ಅಂಗಡಿಗೆ ಬರುವವರೇ ಆ ಹೆಸರಿಟ್ಟಿದ್ದರು. ಮರಿಯಾಗಿದ್ದಾಗ ತಂದವಳು ಕ್ಷೌರಿಕನ ಹೆಂಡತಿ. ಅವಳು ಹೊಲಿಗೆಯವಳು. ಮನೆಯ ಮುಂದಿನ ಕೋಣೆಯಲ್ಲಿ ಮಷೀನ್ ಇಟ್ಟುಕೊಂಡು ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು, ಬಿಗಿಯಾದದ್ದನ್ನು ಸಡಿಲಿಸುವುದು ಅವಳ ಕೆಲಸ. ಒಂದು ಸಂಜೆ ಬಟ್ಟೆ ತರಲು ಗೋದಾಮಿಗೆ ಹೋದವಳು ಚೀಲದಲ್ಲಿ ಬಟ್ಟೆಯ ಮೇಲೆ ಈ ಮರಿಯನ್ನು ಕೂರಿಸಿಕೊಂಡು ಬಂದಿದ್ದಳು. ಮದುವೆಯಾಗಿ ಆಗ ಹದಿಮೂರು ವರ್ಷ. ಮಕ್ಕಳಿರಲಿಲ್ಲ. ಆಸ್ಪತ್ರೆಗೆ ಅಲೆಯುವುದನ್ನು ಆಕೆ ನಿಲ್ಲಿಸಿ ಐದಾರು ತಿಂಗಳಾಗಿತ್ತು. ನಾಯಿ ಸಾಕೋಣವೇ ಎಂದು ಅವಳು ಕೇಳಲಿಲ್ಲ, ಅವನೂ ಏನನ್ನಲಿಲ್ಲ.

ಕೂದಲಾದ ಮೇಲೆ ಮೈಯಲ್ಲಿ ಬೇರೆ ಬದಲಾವಣೆಗಳು ಕಾಣಿಸಿಕೊಂಡವು. ಹೊಟ್ಟೆಯಡಿಯ ಮೊಲೆತೊಟ್ಟುಗಳು ಮರಿ ಹಾಕಿದ ಹೆಣ್ಣುನಾಯಿಗೆ ಇರುವಂತೆ ಊದಿಕೊಂಡವು. ಕಂಬ ಕಂಡಲ್ಲೆಲ್ಲ ಕಾಲೆತ್ತುತ್ತಿದ್ದ ಜಟ್ಟಿ ಹಿಂಗಾಲು ಮಡಚಿ ಕುಕ್ಕರಿಸಿ ಉಚ್ಚೆ ಹೊಯ್ಯತೊಡಗಿತು. ಎಲ್ಲಕ್ಕಿಂತ ಮುಜುಗರದ ಸಂಗತಿಯೆಂದರೆ, ಬೀದಿಯ ಗಂಡುನಾಯಿಗಳು ಅದರ ಬೆನ್ನುಹತ್ತಿದವು. ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತುವ ಹೊತ್ತಿಗೆ ಮೂರು ನಾಲ್ಕು ನಾಯಿಗಳು ಮೆಟ್ಟಿಲ ಬಳಿ ಕಾದು ಕೂತಿರುತ್ತಿದ್ದವು. ಓಡಿಸಿದರೆ ಎದುರಿನ ಅಂಗಡಿಯ ಕಟ್ಟೆಗೆ ಹೋಗಿ ಅಲ್ಲಿಂದ ಮೂತಿ ಚಾಚುತ್ತಿದ್ದವು. ಜಟ್ಟಿ ಗೋಡೆಗೆ ಬೆನ್ನು ಒತ್ತಿ ಕೂತಿರುತ್ತಿತ್ತು. ಒಂದು ಕಾಲದಲ್ಲಿ ಆ ಬೀದಿಗೆಲ್ಲ ಯಜಮಾನನಂತಿದ್ದ ನಾಯಿ ಅದು.

ವಾರಕ್ಕೆರಡು ಸಲ ಗಡ್ಡ ತೆಗೆಸಿಕೊಳ್ಳಲು ಬರುವ ಪೇಂಟರ್ ಇದನ್ನು ನೋಡದೆ ಬಿಡುತ್ತಾನೆಯೇ? ಅವನ ಬಾಯಿಗೆ ಬಾಗಿಲಿಲ್ಲ. ಸೋಪಿನ ನೊರೆ ಮೆತ್ತಿಕೊಂಡು ಕನ್ನಡಿಯಲ್ಲಿ ಎಲ್ಲರನ್ನೂ ನೋಡುತ್ತ, ಜಟ್ಟಿಗೆ ಇಷ್ಟೊಂದು ಸಂಬಂಧ ಬಂದಿರುವಾಗ ಮದುವೆ ಇನ್ನೂ ಯಾಕೆ ತಡ ಎಂದು ಕೇಳಿದ. ಹೆಸರು ಬದಲಾಯಿಸಿಬಿಡಿ, ಜಟ್ಟಿಯಮ್ಮ ಅಂತಿಡಿ ಎಂದ. ಕಾಯುತ್ತಿದ್ದವರೆಲ್ಲ ನಕ್ಕರು. ಕ್ಷೌರಿಕನೂ ನಕ್ಕ. ನಕ್ಕರೆ ಮಾತು ಬೇಗ ಮುಗಿಯುತ್ತದೆ ಎಂಬುದು ಅವನು ಕಲಿತ ಪಾಠ. ಮದುವೆಯಾಗಿ ಏಳೆಂಟು ವರ್ಷವಾದಾಗ ಇದೇ ಅಂಗಡಿಯಲ್ಲಿ, ಇದೇ ಕುರ್ಚಿಗಳಲ್ಲಿ ಕೂತವರು ಅವನ ಬಗ್ಗೆಯೂ ಇಂಥ ಮಾತಾಡಿದ್ದರು. ಕತ್ತರಿ ಚೂಪಾಗಿದೆ ಆದರೆ ಕೆಲಸಕ್ಕೆ ಬಾರದು ಎಂಬ ಧಾಟಿಯ ಮಾತುಗಳು. ಆಗಲೂ ನಕ್ಕಿದ್ದ.

ಮರುದಿನದಿಂದ ಅವನು ಜಟ್ಟಿಯನ್ನು ಅಂಗಡಿಗೆ ಕರೆತರುವುದನ್ನು ನಿಲ್ಲಿಸಿದ. ವಯಸ್ಸಾಯಿತು, ಮನೆಯಲ್ಲೇ ಮಲಗಿರಲಿ ಎಂದು ಹೆಂಡತಿಗೆ ಹೇಳಿದ. ಬೀದಿಯಲ್ಲಿ ಜನ ಏಳುವ ಮುಂಚೆಯೇ ಒಂದು ಸುತ್ತು ಹಾಕಿಸಿ ಒಳಗೆ ತಂದು ಬಿಡುತ್ತಿದ್ದ.

ಮನೆಯಲ್ಲಿ ಉಳಿದ ನಾಯಿ ಹೊಲಿಗೆ ಮಷೀನಿನ ಪಕ್ಕ ಮಲಗತೊಡಗಿತು. ಹೀಗಾಗಿ ಕ್ಷೌರಿಕನ ಕಣ್ಣಿಗೆ ಬೀಳದ್ದು ಹೆಂಡತಿಯ ಕಣ್ಣಿಗೆ ಬಿತ್ತು. ಜಟ್ಟಿ ಹಿಂಗಾಲಿನ ಸಂದಿಗೆ ಮೂತಿ ಹಾಕಿ ಒಂದೇ ಸಮನೆ ನೆಕ್ಕಿಕೊಳ್ಳುತ್ತಿತ್ತು. ಊಟ ಅರ್ಧಕ್ಕೆ ಬಿಡುತ್ತಿತ್ತು. ಕುರ್ಚಿಯ ಮೇಲೆ ಹತ್ತಲು ಹೋಗಿ ಮುಂಗಾಲಿಟ್ಟು ಅಲ್ಲೇ ನಿಂತುಬಿಡುತ್ತಿತ್ತು. ಒಂದು ಬೆಳಿಗ್ಗೆ ಅದು ಮಲಗುವ ಬಿಳಿ ಬಟ್ಟೆಯ ಮೇಲೆ ಎರಡು ಮೂರು ಕಡೆ ರಕ್ತದ ಕಲೆ ಕಂಡಿತು. ಗಾಯವಿದೆಯೇ ಎಂದು ಬಾಯಿ ಬಿಡಿಸಿ ನೋಡಿದಳು. ಒಸಡು ಬೆಳ್ಳಗೆ ಬಿಳಿಚಿಕೊಂಡಿತ್ತು. ಅದರ ಮೇಲೆ ಸೂಜಿಮೊನೆಯಿಂದ ಚುಚ್ಚಿದಂತೆ ಸಣ್ಣ ಸಣ್ಣ ಕೆಂಪು ಚುಕ್ಕೆಗಳು.

ಡಾಕ್ಟರ ಹತ್ತಿರ ಹೋಗೋಣವೆಂದಳು. ಅವನು ನಾಳೆಯೆಂದ. ನಾಳೆ ಬಂದಾಗ ಅಂಗಡಿಯಲ್ಲಿ ಜನವಿದ್ದಾರೆ, ನೀನೇ ಹೋಗಿ ಬಾ ಎಂದ. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮಷೀನ್ ಮೇಲಿಟ್ಟು ಎದ್ದು ನಿಂತಳು.

"ನಾನು ಕರ್ಕೊಂಡು ಹೋದ್ರೆ ಅದು ಮೇಜು ಹತ್ತಲ್ಲ. ನೀವು ಬರಲೇಬೇಕು. ಅಂಗಡಿ ಬೋರ್ಡ್ ತಿರುಗಿಸಿಟ್ಟು ಬನ್ನಿ."

ಅವನು ಹೋಗಿ ಬೋರ್ಡ್ ತಿರುಗಿಸಿಟ್ಟು ಬಂದ.

ಪ್ರಾಣಿಗಳ ಆಸ್ಪತ್ರೆ ಎರಡು ಬೀದಿಗಳಾಚೆ ಒಂದು ಹಳೆಯ ಮನೆಯ ಕೆಳಮಹಡಿಯಲ್ಲಿತ್ತು. ಬಾಗಿಲಲ್ಲೇ ತೂಕದ ಯಂತ್ರ, ಗೋಡೆಗೆ ಒತ್ತಿದ ಉದ್ದನೆಯ ಬೆಂಚು, ಫಿನಾಯಿಲ್ ವಾಸನೆ. ಹಿಂದೆ ಇದ್ದ ವಯಸ್ಸಾದ ಡಾಕ್ಟರು ಹೋಗಿ ಈಗ ಮೂವತ್ತು ದಾಟಿದ ಒಬ್ಬ ಡಾಕ್ಟರಮ್ಮ ಬಂದಿದ್ದರು. ಅವರನ್ನು ಕಂಡದ್ದೇ ಕ್ಷೌರಿಕ ಹೆಂಡತಿಯ ಹಿಂದೆ ಸರಿದ. ಏನು ತೊಂದರೆ ಎಂದು ಕೇಳಿದರೆ, ಅದು ಸ್ವಲ್ಪ, ಅಲ್ಲಿ, ಆ ಜಾಗದಲ್ಲಿ ಎಂದು ಕೈಯಾಡಿಸಿದ. ಡಾಕ್ಟರಮ್ಮ ಆ ಕೈ ನೋಡಿ, ಪಕ್ಕೆ ನೋಡಿ, ಕೂದಲು ಯಾವಾಗಿನಿಂದ ಹೀಗೆ ಎಂದು ಕೇಳಿದರು.

ಅಲ್ಲಿಗೆ ಅವನಿಗೆ ಬಾಯಿ ಬಂತು. ಯಾವ ವಾರ ಶುರುವಾಯಿತು, ಎಷ್ಟು ಅಗಲ ಇತ್ತು, ಯಾವ ಕಡೆಗೆ ಹರಡಿತು, ಉದುರುವ ಮುಂಚೆ ಕೂದಲಿನ ತುದಿ ಹೇಗೆ ಒರಟಾಯಿತು, ಬುಡ ಎಷ್ಟು ಸಲೀಸಾಗಿ ಕಿತ್ತುಬರುತ್ತಿತ್ತು, ಎಲ್ಲ ಹೇಳಿದ. ಎರಡೂ ಕಡೆ ಒಂದೇ ಅಳತೆ ಎಂಬುದನ್ನು ಎರಡು ಸಲ ಹೇಳಿದ.

ಡಾಕ್ಟರಮ್ಮ ಬರೆದುಕೊಳ್ಳುವುದನ್ನು ನಿಲ್ಲಿಸಿ ತಲೆಯೆತ್ತಿದರು. ಇಷ್ಟು ಸರಿಯಾಗಿ ಯಾರೂ ಹೇಳುವುದಿಲ್ಲ, ಎರಡೂ ಪಕ್ಕ ಸಮನಾಗಿ ಉದುರಿದರೆ ಅದು ಚರ್ಮದ ಕಾಯಿಲೆಯಲ್ಲ, ಒಳಗಿನಿಂದ ಬಂದದ್ದು ಎಂದರು. ಕೈಗವಸು ಹಾಕಿಕೊಂಡು ನಾಯಿಯ ಹಿಂದೆ ಬಂದರು. ಕ್ಷೌರಿಕ ಜಟ್ಟಿಯ ತಲೆಯನ್ನು ಎದೆಗೆ ಒತ್ತಿ ಹಿಡಿದು ಗೋಡೆಯ ಮೇಲಿನ ಚಿತ್ರ ನೋಡುತ್ತ ನಿಂತ. ಹೆಂಡತಿ ಮಾತ್ರ ಬಗ್ಗಿ ನೋಡುತ್ತಿದ್ದಳು.

ಡಾಕ್ಟರಮ್ಮ ಅವಳಿಗೆ ಒಂದೊಂದಾಗಿ ತೋರಿಸಿದರು. ಮರ್ಮಾಂಗದ ಮೇಲಿನ ತೊಗಲು ಜೋತುಬಿದ್ದಿತ್ತು. ಅದರ ತುದಿಯಿಂದ ಹಿಂದಕ್ಕೆ, ಯಾರೋ ಕೆಂಪು ಪೆನ್ನಿನಲ್ಲಿ ಎಳೆದಂತೆ ಒಂದು ತೆಳುವಾದ ಗೀಟು ಇತ್ತು. ಹಿಂದಿನ ಚೀಲದಲ್ಲಿ ಒಂದೇ ಬೀಜ, ಅದೂ ಬಟಾಣಿಯಷ್ಟಕ್ಕೆ ಕುಗ್ಗಿತ್ತು.

"ಇನ್ನೊಂದು ಇಳಿದೇ ಇಲ್ಲ," ಎಂದರು ಡಾಕ್ಟರಮ್ಮ. "ಮರಿಯಾಗಿದ್ದಾಗ ಯಾರೂ ಹೇಳಲಿಲ್ವಾ?"

"ಇಲ್ಲ," ಎಂದ ಕ್ಷೌರಿಕ.

ಹೆಂಡತಿ ಅವನ ಕಡೆ ನೋಡಿ ಮತ್ತೆ ನಾಯಿಯ ಕಡೆ ತಿರುಗಿದಳು.

ಹೇಳಿದ್ದರು. ಮೊದಲ ಚುಚ್ಚುಮದ್ದಿಗೆ ಅವನೊಬ್ಬನೇ ಮರಿಯನ್ನು ಎತ್ತಿಕೊಂಡು ಇದೇ ಕೋಣೆಗೆ ಬಂದಿದ್ದ. ಆ ವಯಸ್ಸಾದ ಡಾಕ್ಟರು ಮರಿಯನ್ನು ಮಗುಚಿ ಹಾಕಿ ನೋಡಿ, ಒಂದು ಕೆಳಗೆ ಬಂದಿದೆ, ಒಂದು ಹೊಟ್ಟೆಯಲ್ಲೇ ಇದೆ ಎಂದಿದ್ದರು. ಆರು ತಿಂಗಳಾದರೂ ಇಳಿಯದಿದ್ದರೆ ಕರೆದುಕೊಂಡು ಬಾ, ಎರಡನ್ನೂ ತೆಗೆದುಬಿಡೋಣ, ಒಳಗೆ ಉಳಿದದ್ದು ವಯಸ್ಸಾದ ಮೇಲೆ ಗೆಡ್ಡೆಯಾಗುತ್ತದೆ ಎಂದು ಬಿಡಿಸಿ ಹೇಳಿದ್ದರು. ಕ್ಷೌರಿಕ ತಲೆಯಾಡಿಸಿದ್ದ. ಮನೆಗೆ ಬಂದಾಗ ಹೆಂಡತಿ ಏನಂದರು ಎಂದು ಕೇಳಿದ್ದಳು. ಗಟ್ಟಿಮುಟ್ಟಾಗಿದೆಯಂತೆ ಎಂದಿದ್ದ. ಗಂಡು ಪ್ರಾಣಿಯೊಂದನ್ನು ಮೇಜಿನ ಮೇಲೆ ಮಲಗಿಸಿ ಅದನ್ನು ತೆಗೆಸುವುದನ್ನು ಅವನು ಯೋಚಿಸಲೂ ಒಲ್ಲದಾದ. ಆರು ತಿಂಗಳು ಕಳೆಯಿತು, ವರ್ಷ ಕಳೆಯಿತು. ಜಟ್ಟಿ ಬೀದಿಯನ್ನು ಆಳುತ್ತಿತ್ತು. ಡಾಕ್ಟರ ಮಾತು ಮರೆತುಹೋಯಿತು ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ.

ಸ್ಕ್ಯಾನಿಂಗ್‌ನ ಪರದೆಯ ಮೇಲೆ ಆ ಗೆಡ್ಡೆ ಕಂಡಿತು. ಮೂತ್ರದ ಚೀಲದ ಪಕ್ಕದಲ್ಲಿ, ಮುಷ್ಟಿಯಷ್ಟಿತ್ತು. ಡಾಕ್ಟರಮ್ಮ ತಿರುಗುವ ಸ್ಟೂಲಿನ ಮೇಲೆ ಕೂತು ಗಂಡಹೆಂಡತಿ ಇಬ್ಬರಿಗೂ ಕೇಳುವಂತೆ ಹೇಳಿದರು. ಬೀಜಕ್ಕೆ ತಂಪು ಬೇಕು, ಅದಕ್ಕೇ ಅದು ಹೊಟ್ಟೆಯ ಹೊರಗೆ ಇರುವುದು. ಒಳಗಿನ ಶಾಖದಲ್ಲಿ ವರ್ಷಗಟ್ಟಲೆ ಉಳಿದದ್ದು ಕೆಟ್ಟು ಗೆಡ್ಡೆಯಾಗಿದೆ. ಆ ಗೆಡ್ಡೆ ಹೆಣ್ಣಿನ ಮೈಯಲ್ಲಿ ಇರಬೇಕಾದ ಹಾರ್ಮೋನನ್ನು ಸುರಿಯುತ್ತಿದೆ. ಕೂದಲು ಉದುರಿದ್ದು, ಮೊಲೆ ಊದಿದ್ದು, ಗಂಡುನಾಯಿಗಳು ಹಿಂದೆ ಬಿದ್ದದ್ದು ಎಲ್ಲಕ್ಕೂ ಅದೇ ಕಾರಣ. ಇಷ್ಟೇ ಆಗಿದ್ದರೆ ಅಷ್ಟು ಭಯವಿರಲಿಲ್ಲ. ಆ ಹಾರ್ಮೋನ್ ಮೂಳೆಯೊಳಗೆ ರಕ್ತ ಹುಟ್ಟುವ ಜಾಗವನ್ನೇ ಒಣಗಿಸುತ್ತದೆ. ಒಸಡಿನ ಚುಕ್ಕೆಗಳು ಅದರ ಗುರುತು.

"ಗೆಡ್ಡೆ ತೆಗೀಲೇಬೇಕು. ಆದ್ರೆ ಈ ರಕ್ತದಲ್ಲಿ ಹೊಟ್ಟೆ ಕುಯ್ದರೆ ಸೋರೋದು ನಿಲ್ಲಲ್ಲ. ಮೊದಲು ಇನ್ನೊಂದು ನಾಯಿಯ ರಕ್ತ ಕೊಡಬೇಕು. ದೊಡ್ಡ ನಾಯಿ, ಆರೋಗ್ಯವಾಗಿರೋದು, ತುಂಬಾ ವಯಸ್ಸಾಗಿರಬಾರದು. ಇವತ್ತು ನಾಳೆಯಲ್ಲಿ ಹುಡುಕಿ."

ಹೊರಡುವಾಗ ಹೆಂಡತಿ, ಮೊದಲೇ ಹೇಗೆ ಗೊತ್ತಾಗುತ್ತಿತ್ತು ಎಂದು ಕೇಳಿದಳು. ಡಾಕ್ಟರಮ್ಮ ಕೈ ತೊಳೆಯುತ್ತ ಹೇಳಿದರು: ತಿಂಗಳಿಗೊಮ್ಮೆ ಮಗುಚಿ ಹಾಕಿ ನೋಡಿದರೆ ಸಾಕು. ಎರಡೂ ಇವೆಯೇ, ಒಂದೇ ಗಾತ್ರವೇ, ಊತ ಇದೆಯೇ, ಅಲ್ಲಿಂದ ರಕ್ತವೋ ಕೀವೋ ತೊಟ್ಟಿಕ್ಕುತ್ತಿದೆಯೇ, ಉಚ್ಚೆಗೆ ತಿಣುಕುತ್ತಿದೆಯೇ, ಸುಮ್ಮಸುಮ್ಮನೆ ನೆಕ್ಕಿಕೊಳ್ಳುತ್ತಿದೆಯೇ. ಜನ ನಾಯಿಯ ಕಣ್ಣು ನೋಡುತ್ತಾರೆ, ಮೂಗು ನೋಡುತ್ತಾರೆ, ಅಲ್ಲಿ ಮಾತ್ರ ನೋಡುವುದಿಲ್ಲ. "ನಾಯಿಗೆ ನಾಚಿಕೆ ಇಲ್ಲ. ಇರೋದು ನಮಗೆ," ಎಂದರು.

ಮಾರನೆಯ ದಿನ ಪೇಂಟರ್ ಗಡ್ಡಕ್ಕೆ ಬಂದ. ಕ್ಷೌರಿಕನಿಗೆ ಗೊತ್ತಿದ್ದ ದೊಡ್ಡ ನಾಯಿ ಎಂದರೆ ಅವನದೇ: ಡುಮ್ಮ, ನಾಲ್ಕು ವರ್ಷದ್ದು, ನಲವತ್ತು ಕಿಲೋ. ಕೇಳಬೇಕಾದರೆ ಕಾರಣ ಹೇಳಬೇಕು. ಬೆಂಚಿನ ಮೇಲೆ ಇನ್ನೂ ಮೂವರು ಕಾಯುತ್ತಿದ್ದರು. ಎಲ್ಲರೂ ಹೋಗಲಿ ಎಂದು ಅವನು ಬ್ಲೇಡ್ ಬದಲಿಸಿದ, ಬೇಡವಿದ್ದರೂ ಎರಡನೆಯ ಸಲ ನೊರೆ ಹಚ್ಚಿದ. ಪೇಂಟರ್ ಕನ್ನಡಿಯಲ್ಲಿ ಹುಡುಕಿ, ಎಲ್ಲಿ ನಮ್ಮ ಮದುವಣಗಿತ್ತಿ ಎಂದು ಕೇಳಿದ.

"ಅದು ಸಾಯೋ ಹಾಗಿದೆ," ಎಂದ ಕ್ಷೌರಿಕ.

ಆಮೇಲೆ ನಿಲ್ಲಿಸಲಾಗಲಿಲ್ಲ. ಹೊಟ್ಟೆಯೊಳಗೆ ಉಳಿದ ಬೀಜ, ಅದು ಗೆಡ್ಡೆಯಾದದ್ದು, ರಕ್ತ ಬತ್ತಿದ್ದು, ನೀವೆಲ್ಲ ನಕ್ಕಿದ್ದು ಕಾಯಿಲೆಯನ್ನು ನೋಡಿ ಎಂಬುದು, ಎಲ್ಲವನ್ನೂ ಬ್ಲೇಡ್ ಕೈಯಲ್ಲಿ ಹಿಡಿದೇ ಹೇಳಿದ. ಬೀಜ ಎಂಬ ಮಾತನ್ನು ಅಷ್ಟು ಜನರ ಮುಂದೆ ನಗದೆ ಹೇಳಿದ್ದು ಅದೇ ಮೊದಲು. ನಾನೂ ನಕ್ಕೆ ಎಂದು ಕೊನೆಗೆ ಸೇರಿಸಿದ. ಪೇಂಟರ್‌ನ ಅರ್ಧ ಕೆನ್ನೆಯ ನೊರೆ ಒಣಗಿ ಬಿರಿಯತೊಡಗಿತ್ತು.

"ಡುಮ್ಮನ ರಕ್ತ ಆಗುತ್ತಾ?" ಎಂದು ಕೇಳಿದ ಪೇಂಟರ್. ಕ್ಷೌರಿಕ ಇನ್ನೂ ಕೇಳಿಯೇ ಇರಲಿಲ್ಲ.

ಆ ಸಂಜೆ ಆಸ್ಪತ್ರೆಯಲ್ಲಿ ಡುಮ್ಮನನ್ನು ಮೇಜಿನ ಮೇಲೆ ಪಕ್ಕಕ್ಕೆ ಮಲಗಿಸಿದರು. ಕತ್ತಿನ ಕೂದಲು ಬೋಳಿಸಬೇಕಿತ್ತು. ನಾನು ಮಾಡುತ್ತೇನೆ ಎಂದು ಕ್ಷೌರಿಕ ಮಷೀನ್ ಇಸಿದುಕೊಂಡು ಒಂದೇ ಎಳೆತಕ್ಕೆ ಚೌಕ ಬಿಡಿಸಿಕೊಟ್ಟ. ಡಾಕ್ಟರಮ್ಮ ಕೆಲಸ ಬೇಕಾದರೆ ಇಲ್ಲಿಗೇ ಬನ್ನಿ ಎಂದರು. ಸೂಜಿ ಒಳಗೆ ಹೋಗಿ ಕೊಳವೆಯಲ್ಲಿ ಕೆಂಪು ಏರುತ್ತಿದ್ದಂತೆ ಪೇಂಟರ್, ಕಬ್ಬಿಣದ ಏಣಿಯ ತುದಿಯಲ್ಲಿ ನಿಂತು ನಾಲ್ಕನೆಯ ಮಹಡಿಗೆ ಬಣ್ಣ ಬಳಿಯುವ ಆಸಾಮಿ, ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕುಸಿದ. ಅವನಿಗೆ ನೀರು ಕುಡಿಸಿ ಹೊರಗೆ ಕೂರಿಸಿದ್ದು ಕ್ಷೌರಿಕನ ಹೆಂಡತಿ. ಡುಮ್ಮನ ತಲೆ ಹಿಡಿದು ಕೂತದ್ದು ಕ್ಷೌರಿಕ. ಆ ನಾಯಿ ಅಷ್ಟೂ ಹೊತ್ತು ಅವನ ಮಣಿಕಟ್ಟು ನೆಕ್ಕುತ್ತಿತ್ತು.

ರಾತ್ರಿಯೆಲ್ಲ ಜಟ್ಟಿಯನ್ನು ಅಲ್ಲೇ ಇರಿಸಿಕೊಂಡರು. ಬೆಳಿಗ್ಗೆ ಒಸಡಿಗೆ ಸ್ವಲ್ಪ ಬಣ್ಣ ಬಂದಿತ್ತು. ಈಗಲೇ ಮಾಡುತ್ತೇವೆ, ಇನ್ನು ಕಾಯುವುದು ಬೇಡ ಎಂದು ಡಾಕ್ಟರಮ್ಮ ಒಳಗೆ ಹೋದರು. ಬಾಗಿಲು ಮುಚ್ಚಿತು. ಗಂಡಹೆಂಡತಿ ಬೆಂಚಿನ ಮೇಲೆ ಕೂತರು. ಅವಳು ಕೈಚೀಲದಿಂದ ಯಾರದೋ ಕೋಟನ್ನು ತೆಗೆದು ಗುಂಡಿ ಹೊಲಿಯತೊಡಗಿದಳು. ಅವನ ಕೈಗೆ ಕೆಲಸವಿರಲಿಲ್ಲ.

ಅರ್ಧ ಗಂಟೆ ಕಳೆದಿರಬೇಕು.

"ಆ ಹಳೇ ಡಾಕ್ಟ್ರು ಹೇಳಿದ್ರು," ಎಂದ ಅವನು. "ಮರಿಯಾಗಿದ್ದಾಗಲೇ. ಕರ್ಕೊಂಡು ಬಾ ಅಂದಿದ್ರು. ನಾನು ಹೋಗಲಿಲ್ಲ."

ಅವಳು ದಾರ ಎಳೆದಳು. "ಮೊನ್ನೆ ಇಲ್ಲ ಅಂದ್ರಲ್ಲ, ಆಗಲೇ ಗೊತ್ತಾಯ್ತು. ಸುಳ್ಳು ಹೇಳುವಾಗ ನೀವು ಬೇಗ ಹೇಳ್ತೀರಿ."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಒಂದು ಗಂಟು ಬಿಚ್ಚಿದ ಮೇಲೆ ಮತ್ತೊಂದು ತಾನಾಗಿ ಸಡಿಲವಾಗುತ್ತ ಬಂತು. ಅವನು ನೆಲ ನೋಡುತ್ತಲೇ ಹೇಳಿದ. ಅವಳನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ದಿನಗಳಲ್ಲಿ, ಗಂಡನ ಪರೀಕ್ಷೆಯೂ ಆಗಲಿ ಎಂದು ಅಲ್ಲಿನ ಡಾಕ್ಟರು ಅವನಿಗೂ ಒಂದು ಚೀಟಿ, ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದರು. ಅವನು ಡಬ್ಬಿಯನ್ನು ಜೇಬಿನಲ್ಲಿಟ್ಟುಕೊಂಡು ಲ್ಯಾಬಿನ ಬಾಗಿಲವರೆಗೆ ಹೋಗಿದ್ದ. ಒಳಗೆ ಗುರುತಿನ ಗಿರಾಕಿಯೊಬ್ಬ ಕೂತಿದ್ದ. ಹಿಂದಿರುಗಿ ಒಂದು ಪಾರ್ಕಿನಲ್ಲಿ ಮಧ್ಯಾಹ್ನವೆಲ್ಲ ಕಳೆದು, ಡಬ್ಬಿಯನ್ನು ಕಸದ ತೊಟ್ಟಿಗೆ ಹಾಕಿ ಮನೆಗೆ ಬಂದಿದ್ದ. ನನ್ನದೆಲ್ಲ ಸರಿಯಿದೆಯಂತೆ ಎಂದು ಅವಳಿಗೆ ಹೇಳಿದ್ದ. ಅವಳು ಆಮೇಲೂ ಮೂರು ವರ್ಷ ಚುಚ್ಚುಮದ್ದು ತೆಗೆದುಕೊಂಡಳು. ಒಂದು ಸಣ್ಣ ಆಪರೇಷನ್ ಕೂಡ ಆಯಿತು. ಆ ಮೂರು ವರ್ಷವೂ ಅವನು ಸುಮ್ಮನಿದ್ದ.

ಸೂಜಿ ನಿಂತಿತ್ತು. ಒಳಗಿನಿಂದ ಯಾವುದೋ ಯಂತ್ರದ ಪೀಂ ಪೀಂ ಕೇಳುತ್ತಿತ್ತು.

"ನಂಗೆ ಗೊತ್ತು," ಎಂದಳು ಅವಳು.

ಅವನು ತಲೆಯೆತ್ತಿದ.

"ಕೊನೇ ಸಲ ಹೋದಾಗ ನರ್ಸು ಫೈಲ್ ತಿರುವಿ ಹಾಕ್ತಾ ಕೇಳಿದ್ರು, ನಿಮ್ಮ ಯಜಮಾನ್ರ ರಿಪೋರ್ಟೇ ಇಲ್ವಲ್ಲ ಅಂತ. ಮನೇಲಿದೆ, ತರ್ತೀನಿ ಅಂದೆ. ಆಚೆ ಬಂದು ಬಸ್ ಹತ್ತಿದೆ. ಆಮೇಲೆ ನಾನು ಆ ಕಡೆ ಹೋದ್ನಾ?"

ಅವಳು ಸುಸ್ತಾಗಿ ನಿಲ್ಲಿಸಿದಳು ಎಂದೇ ಅವನು ಹತ್ತು ವರ್ಷ ನಂಬಿದ್ದ. ಹಾಗೆಂದು ಒಳಗೊಳಗೇ ಹಗುರಾಗಿದ್ದ ಕೂಡ.

"ಯಾಕೆ ಕೇಳಲಿಲ್ಲ ನನ್ನ?"

"ಕೇಳಿದ್ರೆ ಇನ್ನೊಂದು ಸುಳ್ಳು ಹೇಳ್ತಿದ್ರಿ. ಒಂದನ್ನ ಹೇಗೋ ನುಂಗಿಕೊಂಡಿದ್ದೆ. ಎರಡನೇದು ನನ್ನಿಂದ ಆಗ್ತಿರಲಿಲ್ಲ." ಅವಳ ದನಿ ಏರಿರಲಿಲ್ಲ. "ನೀವಾಗೇ ಹೇಳ್ತೀರಿ ಅಂತ ಸ್ವಲ್ಪ ದಿನ ಕಾದೆ. ಆಮೇಲೆ ಕಾಯೋದೂ ಬಿಟ್ಟೆ."

ಅವನಿಗೆ ಕ್ಷಮಿಸು ಎನ್ನಬೇಕೆನ್ನಿಸಿತು. ಆ ಮಾತು ಆ ಮೂರು ವರ್ಷಗಳ ಮುಂದೆ ತೀರ ಸಣ್ಣದಾಗಿ ಕಂಡಿತು. ಅವಳು ಕೋಟನ್ನು ಮಡಚಿ ಚೀಲಕ್ಕೆ ಹಾಕಿದಳು. ಕೊನೆಯ ಗುಂಡಿ ಹೊಲಿದಿರಲಿಲ್ಲ. ಬೆಂಚಿನ ಮೇಲೆ ಇಬ್ಬರ ನಡುವೆ ಆ ಚೀಲವಿತ್ತು.

ಬಾಗಿಲು ತೆರೆದಾಗ ಡಾಕ್ಟರಮ್ಮನ ಹಣೆಯಲ್ಲಿ ಟೋಪಿಯ ಗುರುತು ಮೂಡಿತ್ತು. ಗೆಡ್ಡೆ ಪೂರ್ತಿ ಬಂದಿದೆ, ಇನ್ನೊಂದನ್ನೂ ತೆಗೆದಿದ್ದೇವೆ, ಒಂದು ಕಡೆ ರಕ್ತ ನಿಲ್ಲುವುದು ತಡವಾಯಿತು, ಆದರೆ ನಿಂತಿತು ಎಂದರು. ಬದುಕಿತು ಎಂದು ಈಗಲೇ ಹೇಳುವುದಿಲ್ಲ, ಮೂಳೆಯೊಳಗೆ ರಕ್ತ ಹುಟ್ಟಲು ಶುರುವಾಗಬೇಕು, ಅದಕ್ಕೆ ವಾರಗಳು ಬೇಕು ಎಂದೂ ಹೇಳಿದರು. ಗಂಡಹೆಂಡತಿ ಇಬ್ಬರೂ ಒಟ್ಟಿಗೇ ಎದ್ದು ನಿಂತಿದ್ದರು.

ಆ ವಾರಗಳು ಕಷ್ಟದವು. ಜಟ್ಟಿ ಕತ್ತಿಗೆ ಗಾಯ ನೆಕ್ಕದಂತೆ ತಡೆಯುವ ಪ್ಲಾಸ್ಟಿಕ್ ಆಲಿಕೆ ಹಾಕಿಕೊಂಡು ಬಾಗಿಲು, ಕುರ್ಚಿ, ಮಷೀನಿನ ಕಾಲು ಎಲ್ಲಕ್ಕೂ ಢಿಕ್ಕಿ ಹೊಡೆಯುತ್ತಿತ್ತು. ಎರಡು ದಿನಕ್ಕೊಮ್ಮೆ ಒಸಡು ನೋಡಬೇಕು, ವಾರಕ್ಕೊಮ್ಮೆ ರಕ್ತದ ಪರೀಕ್ಷೆ. ಹತ್ತನೆಯ ದಿನ ರಕ್ತ ಮತ್ತೆ ಇಳಿಯಿತು. ಡುಮ್ಮನಿಂದ ಇಷ್ಟು ಬೇಗ ಎರಡನೆಯ ಸಲ ತೆಗೆಯುವಂತಿರಲಿಲ್ಲ. ಪೇಂಟರ್ ತಾನು ಕೆಲಸ ಮಾಡುತ್ತಿದ್ದ ಕಟ್ಟಡದ ಕಾವಲುಗಾರನ ನಾಯಿಯನ್ನು ಆಟೋದಲ್ಲಿ ಕೂರಿಸಿಕೊಂಡು ಬಂದ. ಈ ಸಲ ಅವನು ಬೀದಿಯಲ್ಲೇ ನಿಂತಿದ್ದ, ಒಳಗೆ ಕಾಲಿಡಲಿಲ್ಲ. ಗೆಡ್ಡೆ ಬೇರೆಲ್ಲೂ ಹರಡಿಲ್ಲ ಎಂಬ ರಿಪೋರ್ಟು ಬಂದದ್ದೊಂದೇ ಆ ವಾರದ ಸಮಾಧಾನ.

ಮನೆಯಲ್ಲಿ ಹೆಂಡತಿ ಮಾತು ಬಿಟ್ಟಿರಲಿಲ್ಲ. ಮಾತ್ರೆ ಕೊಟ್ಟಿರಾ, ಬಾಗಿಲು ಹಾಕಿ, ಊಟಕ್ಕೆ ಬನ್ನಿ. ಇಷ್ಟೇ. ಹಿಂದೆಯೂ ಅವರು ಹೆಚ್ಚು ಮಾತಾಡುತ್ತಿದ್ದವರಲ್ಲ, ಆದರೆ ಈಗಿನ ಮೌನದ ಒಳಗೇನಿದೆ ಎಂಬುದು ಅವನಿಗೆ ಗೊತ್ತಿತ್ತು. ಒಂದು ಭಾನುವಾರ ಜಟ್ಟಿಯ ಹೊಲಿಗೆಯ ಜಾಗ ಒರೆಸುತ್ತ ಇಬ್ಬರೂ ನೆಲದ ಮೇಲೆ ಕೂತಿದ್ದಾಗ, ಈಗ ಪರೀಕ್ಷೆ ಮಾಡಿಸಿಕೊಳ್ಳಲೇ ಎಂದು ಕೇಳಿದ. ಅವಳು ಹತ್ತಿಯನ್ನು ಬಟ್ಟಲಿಗೆ ಹಾಕಿದಳು.

"ಈಗ ಯಾತಕ್ಕೆ? ನಲವತ್ತೇಳಾಯ್ತು ನಂಗೆ." ಹೊಸ ಹತ್ತಿ ತೆಗೆದುಕೊಂಡು, "ಅವತ್ತು ಬೆಂಚಿನ ಮೇಲೆ ಹೇಳಿದ್ರಲ್ಲ, ಹೇಳದೇ ಇದ್ದಿದ್ರೂ ನಾನು ಇದೇ ಮನೇಲಿ ಇರ್ತಿದ್ದೆ. ಆದ್ರೆ ಹೇಳಿದ್ದು ಒಳ್ಳೇದಾಯ್ತು. ಕೋಪ ಇದೆ. ಇನ್ನೂ ಸ್ವಲ್ಪ ದಿನ ಇರುತ್ತೆ," ಎಂದಳು. ಹಾಗೆ ಹೇಳಿದ ಮೇಲೆ ಅವಳ ಕೋಪದ ಜೊತೆ ಇರುವುದು ಅವನಿಗೆ ಸುಲಭವಾಯಿತು.

ಐದನೆಯ ವಾರ ರಕ್ತ ತಾನಾಗಿ ಏರಿತು. ಡಾಕ್ಟರಮ್ಮ ಕಾಗದವನ್ನು ಎರಡು ಸಲ ಓದಿದರು. ಜಟ್ಟಿ ಊಟದ ತಟ್ಟೆ ಖಾಲಿ ಮಾಡತೊಡಗಿತು. ಮೊಲೆತೊಟ್ಟುಗಳು ಇಳಿದವು. ಬೀದಿಯ ನಾಯಿಗಳು ಒಂದೊಂದಾಗಿ ಆಸೆ ಬಿಟ್ಟು ತಮ್ಮ ತಮ್ಮ ಕಟ್ಟೆಗಳಿಗೆ ಹೋದವು. ಮೂರನೆಯ ತಿಂಗಳಲ್ಲಿ ಪಕ್ಕೆಯ ಮೇಲೆ ಎಳೆಮಗುವಿನ ತಲೆಯ ಕೂದಲಿನಂಥ ಮೆತ್ತನೆಯ ನವಿರು ಮೂಡಿತು. ಬಣ್ಣ ಮೊದಲಿಗಿಂತ ಕೊಂಚ ತಿಳಿ. ಕ್ಷೌರಿಕ ಅದಕ್ಕೆ ಎಣ್ಣೆ ಹಚ್ಚಲಿಲ್ಲ, ಏನೂ ಮಾಡಲಿಲ್ಲ. ಜಟ್ಟಿಯನ್ನು ಮತ್ತೆ ಅಂಗಡಿಗೆ ಕರೆತಂದ. ನಡಿಗೆಯಲ್ಲಿ ಮೊದಲಿನ ಠೀವಿ ಇರಲಿಲ್ಲ. ಮೆಟ್ಟಿಲು ಹತ್ತುವಾಗ ಹಿಂದಿನಿಂದ ಸ್ವಲ್ಪ ಎತ್ತಿಕೊಡಬೇಕಿತ್ತು.

ಒಂದು ಮಧ್ಯಾಹ್ನ ಬಸ್ ಓಡಿಸುವ ಯುವಕನೊಬ್ಬ ಕಟಿಂಗ್‌ಗೆ ಬಂದ. ಮದುವೆಯಾಗಿ ನಾಲ್ಕು ವರ್ಷ. ಅಂಗಡಿಯಲ್ಲಿ ಇನ್ನಿಬ್ಬರಿದ್ದರು. ಮಾತಿಗೆ ಮಾತು ಬಂದು, ಹೆಂಡತಿಯನ್ನು ಮೂರನೆಯ ಡಾಕ್ಟರಿಗೆ ತೋರಿಸುತ್ತಿದ್ದೇವೆ, ಅವಳಿಗೆ ಏನು ತೊಂದರೆಯೋ ಯಾರಿಗೂ ಗೊತ್ತಾಗುತ್ತಿಲ್ಲ ಎಂದ. ಕ್ಷೌರಿಕನ ಕತ್ತರಿ ಅವನ ಕಿವಿಯ ಹಿಂದೆ ನಿಂತಿತು.

"ನೀವು ಹೋಗಿದ್ರಾ?"

"ಎಲ್ಲಿಗೆ?"

"ನಿಮ್ಮ ಪರೀಕ್ಷೆಗೆ."

ಯುವಕ ಕನ್ನಡಿಯಲ್ಲಿ ಬೆಂಚಿನ ಕಡೆ ನೋಡಿ, ನನಗೇನಾಗಿದೆ ಎಂದು ನಕ್ಕ. ಕ್ಷೌರಿಕ ನಗಲಿಲ್ಲ. ಬಾಚಣಿಗೆಯನ್ನು ಜೇಬಿಗೆ ಸಿಕ್ಕಿಸಿ, ದನಿ ತಗ್ಗಿಸದೆ ಹೇಳಿದ: ನಾನೂ ಹೋಗಿರಲಿಲ್ಲ. ಹೋಗಿ ಬಂದೆ, ಎಲ್ಲ ಸರಿಯಿದೆಯಂತೆ ಎಂದು ಮನೆಯಲ್ಲಿ ಸುಳ್ಳು ಹೇಳಿದೆ. ಅವಳು ಮೂರು ವರ್ಷ ನನ್ನ ನಾಚಿಕೆಗೆ ಸೂಜಿ ಚುಚ್ಚಿಸಿಕೊಂಡಳು. ಆಮೇಲೆ ಕತ್ತರಿ ಎತ್ತಿಕೊಂಡು, ಬಿಟ್ಟ ಕಡೆಯಿಂದ ಮುಂದುವರಿಸಿದ. ಬೆಂಚಿನ ಮೇಲಿದ್ದವರಲ್ಲಿ ಒಬ್ಬ ಪೇಪರಿನ ಹಾಳೆ ತಿರುವಿದ.

ಸಂಜೆ ಮನೆಗೆ ಬಂದು ಹೆಂಡತಿಗೆ ಇದನ್ನೆಲ್ಲ ಹೇಳಿದ. ಅವಳು ಮಷೀನಿನ ಚಕ್ರದ ಮೇಲೆ ಕೈಯಿಟ್ಟು ಕೇಳಿದಳು.

"ಎಲ್ಲರ ಮುಂದೇನಾ?"

"ಇಬ್ಬರಿದ್ರು."

"ಆ ಹುಡುಗ ಹೋಗ್ತೀನಿ ಅಂದ್ನಾ?"

"ಏನೂ ಅನ್ನಲಿಲ್ಲ. ಕಟಿಂಗ್ ಮುಗಿಸ್ಕೊಂಡು ಹೋದ."

ಅವಳು ಮಷೀನಿನ ಮುಂದಿದ್ದ ಇನ್ನೊಂದು ಸ್ಟೂಲಿನ ಮೇಲಿಂದ ಬಟ್ಟೆಯ ರಾಶಿಯನ್ನು ಎತ್ತಿ ಕೆಳಗಿಟ್ಟು, ಅವನಿಗೆ ಕೂರಲು ಜಾಗ ಮಾಡಿದಳು.